ಎನ್‌ಡಿಎ ಲಿಖಿತ ಪರೀಕ್ಷೆ ಪಾಸಾಗಿದೆ, ಇಂಜಿನಿಯರಿಂಗ್ ಸೀಟೂ ಬಂದಿದೆ. ಮಗಳನ್ನು ಎಲ್ಲಿಗೆ ಕಳಿಸಲಿ?

ನಮಸ್ಕಾರ ಸರ್. ನೀವು ಬರೆದಿರುವುದು ಇಷ್ಟು. ಊರು ಸಿಂಧನೂರು. ಮಗಳು ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಏಪ್ರಿಲ್‌ನಲ್ಲಿ ಬರೆದ ಎನ್‌ಡಿಎ, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಲಿಖಿತ ಪರೀಕ್ಷೆ ಪಾಸಾಗಿದೆ, ಎಸ್‌ಎಸ್‌ಬಿ (ಸೇನಾ ಆಯ್ಕೆ ಮಂಡಳಿ) ಸಂದರ್ಶನ ಇನ್ನೂ ಆಗಬೇಕು. ಅಷ್ಟರಲ್ಲಿ ಸಿಇಟಿಯಲ್ಲಿ ರಾಯಚೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಸೀಟು ಬಂದಿದೆ. ನಿಮ್ಮ ಭಾವಮೈದುನ ಸಾಲ ಮಾಡಿಯಾದರೂ ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿ ಅನ್ನುತ್ತಿದ್ದಾರೆ. ಮಗಳು ಮಾತ್ರ ಕಾಲೇಜೇ ಬೇಡ, ಒಂದು ವರ್ಷ ಮನೆಯಲ್ಲಿದ್ದು ಎನ್‌ಡಿಎಗೇ ಓದುತ್ತೇನೆ ಅನ್ನುತ್ತಾಳೆ. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳುತ್ತೇನೆ, ಕಾಲೇಜಿನ ಎನ್‌ಸಿಸಿಯನ್ನೂ ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಜೂನ್, ಜುಲೈ ಬಂತು ಅಂದರೆ ಇದೇ ಪ್ರಶ್ನೆ ಹೊತ್ತು ಅಪ್ಪ ಅಮ್ಮಂದಿರು ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ರಾಯಚೂರಿನ ಸೀಟು ತೆಗೆದುಕೊಳ್ಳಿ, ಮಗಳನ್ನು ಕಾಲೇಜಿಗೆ ಸೇರಿಸಿ. ಎಸ್‌ಎಸ್‌ಬಿಗೂ ಖುಷಿಯಿಂದ ಕಳಿಸಿ. ಎರಡೂ ಒಟ್ಟಿಗೆ ಆಗುತ್ತವೆ.

ಹೇಗೆ ಅಂದರೆ, ಏಪ್ರಿಲ್ ಪರೀಕ್ಷೆ ಬರೆದವರ ಎನ್‌ಡಿಎ ಕೋರ್ಸ್ ಶುರುವಾಗುವುದು ಮುಂದಿನ ವರ್ಷದ ಜನವರಿಯಲ್ಲಿ. ನಡುವೆ ಎಸ್‌ಎಸ್‌ಬಿ, ಅದಾದ ಮೇಲೆ ವೈದ್ಯಕೀಯ ತಪಾಸಣೆ, ಆಮೇಲೆ ಅಂತಿಮ ಪಟ್ಟಿ. ಸಿಇಟಿ ಸೀಟು ಹಂಚಿಕೆ ಅದಕ್ಕೆ ಎಷ್ಟೋ ಮೊದಲೇ ಮುಗಿದುಹೋಗುತ್ತದೆ. ಅಂದರೆ ಎನ್‌ಡಿಎ ಸಿಗುತ್ತದೋ ಇಲ್ಲವೋ ಅಂತ ಗೊತ್ತಾಗುವ ಹೊತ್ತಿಗೆ ಇಂಜಿನಿಯರಿಂಗ್ ಸೀಟು ಕೇಳಿದರೂ ಸಿಗುವುದಿಲ್ಲ. ಆಯ್ಕೆಯಾದರೆ ಮೊದಲ ಸೆಮಿಸ್ಟರ್‌ನ ಕೊನೆಯ ಹೊತ್ತಿಗೆ ಕಾಲೇಜು ಬಿಟ್ಟು ಹೋಗಬಹುದು. ಆಗದಿದ್ದರೆ ಓದು ನಡೆಯುತ್ತಲೇ ಇರುತ್ತದೆ.

ಮನೆಯಲ್ಲಿ ಕೂರುವುದು ಬೇಡ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಒಂದಿದೆ. ಮಗಳ ಪಕ್ಕ ಕೂತು ಈ ಲೆಕ್ಕ ನೋಡಿ. ಇತ್ತೀಚಿನ ಅಧಿಸೂಚನೆಗಳಲ್ಲಿ ಒಂದು ಸಲಕ್ಕೆ ಸುಮಾರು 400 ಜಾಗ ಇರುತ್ತವೆ. ಭೂಸೇನೆಗೆ 208, ಅದರಲ್ಲಿ ಹುಡುಗಿಯರಿಗೆ ಬರೀ 10. ನೌಕಾಪಡೆ, ವಾಯುಪಡೆ ಎಲ್ಲ ಸೇರಿಸಿದರೂ ಹುಡುಗಿಯರ ಜಾಗ ಮೂವತ್ತು ದಾಟುವುದಿಲ್ಲ. ಇಡೀ ದೇಶಕ್ಕೆ ಇಷ್ಟೇ. ಇಲ್ಲಿ ಜಾತಿ ಮೀಸಲಾತಿ ಇಲ್ಲ, ನಮ್ಮ ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿ ಕೂಡ ನಡೆಯುವುದಿಲ್ಲ. ತುಂಬಾ ಚೆನ್ನಾಗಿರುವ ಹುಡುಗಿಯೂ ಒಂದೆರಡು ಅಂಕಕ್ಕೆ ಪಟ್ಟಿಯಿಂದ ಹೊರಗುಳಿಯಬಹುದು. ಅದು ಅವಳ ಯೋಗ್ಯತೆಯ ಮಾತಲ್ಲ, ಜಾಗವೇ ಅಷ್ಟು ಕಡಿಮೆ. ಇಷ್ಟು ಸಣ್ಣ ಬಾಗಿಲಿಗಾಗಿ ಕೈಯಲ್ಲಿರುವ ಸರ್ಕಾರಿ ಸೀಟು ಬಿಡಿಸಬೇಡಿ.

ಕಾಲೇಜಿಗೆ ಸೇರಿದರೆ ಎನ್‌ಡಿಎ ತಯಾರಿ ನಿಂತುಹೋಗುತ್ತದೆ ಅನ್ನುವ ಭಯ ಅವಳಿಗೆ ಇರಬಹುದು. ನಿಲ್ಲುವುದಿಲ್ಲ. ವಯಸ್ಸಿನ ಮಿತಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದೇ ಮತ್ತೆ ಬರೆಯಬಹುದು. ಗಣಿತ 300, ಸಾಮಾನ್ಯ ಸಾಮರ್ಥ್ಯ 600, ಒಟ್ಟು 900 ಅಂಕ. ಕಳೆದ ಕೆಲವು ವರ್ಷಗಳಲ್ಲಿ ಲಿಖಿತ ಪರೀಕ್ಷೆಯ ಕಟ್ ಆಫ್ 290ರಿಂದ 360ರ ನಡುವೆ ಇದೆ. ಒಂದು ಸಲ ಅದನ್ನು ದಾಟಿದ ಹುಡುಗಿಗೆ ಇಡೀ ದಿನ ಅದನ್ನೇ ಓದುವ ಅಗತ್ಯ ಇಲ್ಲ. ಅವಳ ಮುಂದಿರುವ ನಿಜವಾದ ಗುಡ್ಡ ಎಸ್‌ಎಸ್‌ಬಿ. ಅದಕ್ಕೂ 900 ಅಂಕ.

ಎಸ್‌ಎಸ್‌ಬಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಓದಿದರೆ ಏನೂ ಸಿಗುವುದಿಲ್ಲ. ಅಲ್ಲಿ ಐದು ದಿನ ಒಳಗೇ ಇಟ್ಟುಕೊಂಡು ನೋಡುತ್ತಾರೆ. ಮೊದಲ ದಿನವೇ ಒಂದು ಜರಡಿ, ಅದರಲ್ಲಿ ಉಳಿಯದವರನ್ನು ಅವತ್ತೇ ವಾಪಸ್ ಕಳಿಸುತ್ತಾರೆ. ಉಳಿದವರಿಗೆ ಚಿತ್ರ ನೋಡಿ ಕಥೆ ಬರೆಯುವುದು, ಒಂದು ಪದ ಕೊಟ್ಟ ಕೂಡಲೇ ವಾಕ್ಯ ಬರೆಯುವುದು, ಗುಂಪಿನಲ್ಲಿ ಮಾತಾಡುವುದು, ಹಲಗೆ ಹಗ್ಗ ಕೊಟ್ಟು ಅಡ್ಡಿ ದಾಟಿಸುವುದು, ಒಬ್ಬರೇ ಕೂತು ಸಂದರ್ಶನ, ಕೊನೆಗೆ ಎಲ್ಲ ಅಧಿಕಾರಿಗಳೂ ಸೇರಿ ತೀರ್ಮಾನ. ನಾಲ್ಕು ಜನರ ಜೊತೆ ಬೆರೆಯುವ, ಕೆಲಸ ಮೈಮೇಲೆ ಹಾಕಿಕೊಳ್ಳುವ ಗುಣ ಇದೆಯಾ ಅಂತ ಹುಡುಕುತ್ತಾರೆ. ಹಾಸ್ಟೆಲ್, ಎನ್‌ಸಿಸಿ, ಕಾಲೇಜಿನ ಕಾರ್ಯಕ್ರಮ, ಹೊಸ ಗೆಳತಿಯರು ಇವೆಲ್ಲ ಇರುವ ಹುಡುಗಿ ಮನೆಯಲ್ಲಿ ಒಂಟಿಯಾಗಿ ಕೂತವಳಿಗಿಂತ ಚೆನ್ನಾಗಿ ತಯಾರಾಗುತ್ತಾಳೆ. ಇದು ನಾನು ಮಕ್ಕಳಲ್ಲಿ ಕಣ್ಣಾರೆ ನೋಡಿದ್ದು.

ಇಂಗ್ಲಿಷ್ ಬಗ್ಗೆ ನೀವು ಜಾಸ್ತಿ ಹೆದರಿದ್ದೀರಿ. ನಮ್ಮ ಭಾಗದ ಮಕ್ಕಳು ಬೆಂಗಳೂರು, ದೆಹಲಿಯ ಮಕ್ಕಳ ಥರ ಪಟಪಟ ಮಾತಾಡುವುದಿಲ್ಲ, ನಿಜ. ಆದರೆ ಅಲ್ಲಿ ಯಾರೂ ವ್ಯಾಕರಣಕ್ಕೆ ಅಂಕ ಹಾಕುವುದಿಲ್ಲ. ಸರಳವಾಗಿ, ತಡವರಿಸದೆ, ಗೊತ್ತಿರುವುದನ್ನು ಹೇಳಿದರೆ ಸಾಕು. ದಿನಾ ಅರ್ಧ ಗಂಟೆ ಜೋರಾಗಿ ಇಂಗ್ಲಿಷ್ ಪತ್ರಿಕೆ ಓದಲಿ, ಓದಿದ್ದನ್ನು ಯಾರಿಗಾದರೂ ಇಂಗ್ಲಿಷ್‌ನಲ್ಲೇ ಹೇಳಲಿ.

ತನ್ನ ಊರಿನ ಬಗ್ಗೆ ಅವಳಿಗೆ ಚೆನ್ನಾಗಿ ಗೊತ್ತಿರಲಿ. ಸಂದರ್ಶನದಲ್ಲಿ ಊರು, ಜಿಲ್ಲೆ ಕೇಳಿಯೇ ಕೇಳುತ್ತಾರೆ. ಸಿಂಧನೂರಿನ ಹುಡುಗಿಗೆ ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಿರಬೇಕು. ಮೇಲಿನವರು ನೀರು ಎಳೆದುಕೊಂಡರೆ ಕೊನೆ ಭಾಗದ ರೈತರ ಗತಿ ಏನು ಅಂತ ಹೇಳಲು ಬರಬೇಕು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಏನಾಯಿತು, ನೀರು ಉಳಿಸಲು ಏನು ಮಾಡಿದರು ಅಂತ ತಿಳಿದಿರಲಿ. ಶಕ್ತಿನಗರದಲ್ಲಿ ಕರೆಂಟು ಹೇಗೆ ತಯಾರಾಗುತ್ತದೆ, ಹಟ್ಟಿಯಲ್ಲಿ ಚಿನ್ನ ಹೇಗೆ ತೆಗೆಯುತ್ತಾರೆ ಅಂತಲೂ ನೋಡಿಕೊಳ್ಳಲಿ. ಇವು ಅವಳ ಮನೆಯ ಸುತ್ತಲಿನ ವಿಷಯಗಳೇ ಅಲ್ವಾ? ಮನಸ್ಸಿಟ್ಟು ಹೇಳಿದರೆ ಇಂಗ್ಲಿಷ್ ತಾನಾಗಿ ಹಿಂದೆ ಬರುತ್ತದೆ.

ಇನ್ನೊಂದು ವಿಷಯ ತಕ್ಷಣ ನೋಡಿ. ಲಿಖಿತ ಫಲಿತಾಂಶ ಬಂದ ಎರಡು ವಾರದೊಳಗೆ ಜಾಯಿನ್ ಇಂಡಿಯನ್ ಆರ್ಮಿ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ಅದು ಮಾಡದಿದ್ದರೆ ಎಸ್‌ಎಸ್‌ಬಿ ದಿನಾಂಕವೇ ಬರುವುದಿಲ್ಲ. ಮಾಡಿದ್ದಾಳೆ ಅಂದುಕೊಂಡಿದ್ದೇನೆ, ಆದರೂ ಒಮ್ಮೆ ಕೇಳಿ. ಸಂದರ್ಶನ ಬೆಂಗಳೂರಿನಲ್ಲೇ ಬೀಳುತ್ತದೆ ಅಂತಿಲ್ಲ, ಭೋಪಾಲ್ ಅಥವಾ ಪ್ರಯಾಗ್‌ರಾಜ್ ಕೂಡ ಆಗಬಹುದು. ಈ ಥರದ ಸಂದರ್ಶನಕ್ಕೆ ಮೊದಲ ಸಲ ಹೋಗುವವರಿಗೆ ಥರ್ಡ್ ಎಸಿ ರೈಲು ಚಾರ್ಜು ವಾಪಸ್ ಕೊಡುತ್ತಾರೆ, ಟಿಕೆಟ್ ಜೋಪಾನವಾಗಿಡಿ.

ಈಗ ಭಾವಮೈದುನರ ಮಾತಿಗೆ ಬರುತ್ತೇನೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಎನ್‌ಡಿಎ ಮನಸ್ಸಿನಲ್ಲಿರುವ ಮಗುವಿಗೆ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಡಿಸೆಂಬರ್‌ನಲ್ಲಿ ಅವಳು ಆಯ್ಕೆಯಾದಳು ಅನ್ನಿ. ಆಗ ಕಟ್ಟಿದ ದುಡ್ಡು ವಾಪಸ್ ಬರುವ ಭರವಸೆ ಇರುವುದಿಲ್ಲ. ಉಳಿದ ವರ್ಷಗಳ ಫೀಸನ್ನೂ ಕಟ್ಟಿ ಹೋಗಿ ಅನ್ನುವ ಕಾಲೇಜುಗಳೂ ಇವೆ. ಆ ಸಾಲದ ಹೆದರಿಕೆಗೇ ಮಗಳು "ಬಿಡಪ್ಪ, ಇಲ್ಲೇ ಓದ್ತೀನಿ" ಅಂದುಬಿಡುತ್ತಾಳೆ. ಸರ್ಕಾರಿ ಸೀಟಿನಲ್ಲಿ ಆ ಭಾರ ಇಲ್ಲ. ಊರಿಗೆ ಹತ್ತಿರ, ಫೀಸು ಕಡಿಮೆ. 371ಜೆ ಸರ್ಟಿಫಿಕೇಟ್ ಮಾಡಿಸಿದ್ದೀರಿ ಅಂತ ಬರೆದಿದ್ದೀರಿ, ಮುಂದಿನ ಸುತ್ತಿನಲ್ಲಿ ಅದು ನಿಮ್ಮ ಕೈ ಹಿಡಿಯಬಹುದು. ಬೇರೆ ಬ್ರಾಂಚ್ ಆಸೆ ಇದ್ದರೆ ಸಿಇಟಿ ಜಾಲತಾಣದಲ್ಲಿ ಚಾಯ್ಸ್ 2 ಒತ್ತಿ, ಈಗಿನ ಸೀಟು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತು ನೋಡಬಹುದು. ಚಾಯ್ಸ್ 3 ಒತ್ತಿದರೆ ಈ ಸೀಟು ಹೋಗುತ್ತದೆ, ಚಾಯ್ಸ್ 4 ಒತ್ತಿದರೆ ಪ್ರಕ್ರಿಯೆಯಿಂದಲೇ ಹೊರಗೆ. ಸೈಬರ್ ಸೆಂಟರ್‌ನವರ ಮೇಲೆ ಬಿಡಬೇಡಿ, ಮಗಳೇ ಕೂತು ಓದಿ ಒತ್ತಲಿ.

ಕಾಲೇಜಿಗೆ ಸೇರಿಸುವಾಗ ಪ್ರಿನ್ಸಿಪಾಲರನ್ನು ಕಂಡು ವಿಷಯ ಮೊದಲೇ ಹೇಳಿ. ಎಸ್‌ಎಸ್‌ಬಿಗೆ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿ ಬೇಕು. ಮೂಲ ದಾಖಲೆಗಳನ್ನು ಕಾಲೇಜು ತನ್ನಲ್ಲಿ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಆದರೂ ಕಚೇರಿಯಲ್ಲಿ ತೆಗೆದಿಟ್ಟುಕೊಳ್ಳುವುದುಂಟು. ಬೇಕಾದಾಗ ಕೊಡುತ್ತೇವೆ ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹಾಸ್ಟೆಲ್ ಫೀಸು ಕಂತಿನಲ್ಲಿ ಕಟ್ಟಲು ಆಗುತ್ತದಾ ಕೇಳಿ. ಅಲ್ಲಿ ಎನ್‌ಸಿಸಿ ಇದ್ದರೆ ಮೊದಲ ವಾರವೇ ಹೆಸರು ಬರೆಸಲಿ.

ಎನ್‌ಸಿಸಿ ಯಾಕೆ ಅಂದರೆ, ಎನ್‌ಡಿಎ ಆಗಲಿಲ್ಲ ಅಂದರೂ ಸೇನೆಯ ದಾರಿ ಮುಗಿಯುವುದಿಲ್ಲ. ಮಕ್ಕಳು ಇದನ್ನು ನಂಬುವುದೇ ಇಲ್ಲ, ಹದಿನೆಂಟಕ್ಕೇ ಎಲ್ಲ ಮುಗಿಯಿತು ಅಂತ ಅಳುತ್ತಾರೆ. ಡಿಗ್ರಿ ಮುಗಿಸಿದ ಹುಡುಗಿಗೆ ಸಿಡಿಎಸ್ ಪರೀಕ್ಷೆ ಬರೆದು ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಸೇರುವ ದಾರಿ ಇದೆ. ವಾಯುಪಡೆಗೆ ಎಎಫ್‌ಕ್ಯಾಟ್ ಪರೀಕ್ಷೆ ಇದೆ. ಇಂಜಿನಿಯರಿಂಗ್ ಮಾಡಿದವರಿಗೆ ಶಾರ್ಟ್ ಸರ್ವೀಸ್ ಟೆಕ್ನಿಕಲ್ ಪ್ರವೇಶ ಇದೆ, ಅದಕ್ಕೆ ಲಿಖಿತ ಪರೀಕ್ಷೆಯೇ ಇಲ್ಲ. ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ದವರಿಗೂ ನೇರ ಎಸ್‌ಎಸ್‌ಬಿಗೆ ಕರೆಯುವ ವಿಶೇಷ ಪ್ರವೇಶ ಇದೆ. ಜೆಇಇ ಮೇನ್ ಬರೆದಿದ್ದರೆ ನೌಕಾಪಡೆಯ ಬಿ.ಟೆಕ್ ಪ್ರವೇಶವನ್ನೂ ಈಗಲೇ ನೋಡಿ. ಕೇರಳದ ಏಳಿಮಲದಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್, ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ. ಇದನ್ನು ಓದುವ ಹುಡುಗರಿಗೆ ಜೆಇಇ ಮೇನ್ ಆಧಾರದ ಮೇಲೆ ಭೂಸೇನೆಯ ಟಿಇಎಸ್ ಅನ್ನುವ ಟೆಕ್ನಿಕಲ್ ಪ್ರವೇಶ ಕೂಡ ಇದೆ.

"ಎಲ್ಲ ಫ್ರೀ ಅಂತಾರೆ, ನಿಜವಾ" ಅಂತ ಕೇಳಿದ್ದೀರಿ. ನಿಜ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ಎನ್‌ಡಿಎಯ ಮೂರು ವರ್ಷ ಊಟ, ವಸತಿ, ಓದು, ಸಮವಸ್ತ್ರ ಎಲ್ಲ ಸರ್ಕಾರದ್ದು, ಜೆಎನ್‌ಯು ಡಿಗ್ರಿ ಸಿಗುತ್ತದೆ. ಭೂಸೇನೆ ಆರಿಸಿಕೊಂಡವರಿಗೆ ಆಮೇಲೆ ಡೆಹ್ರಾಡೂನ್‌ನಲ್ಲಿ ಒಂದು ವರ್ಷ, ಆಗ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಸೇರುವಾಗ ಬಟ್ಟೆ, ಜೇಬುಖರ್ಚಿಗೆ ಅಂತ ಒಂದಿಷ್ಟು ಠೇವಣಿ ಕಟ್ಟಬೇಕು, ಮೊತ್ತ ಅಧಿಸೂಚನೆಯಲ್ಲೇ ಇರುತ್ತದೆ. ಆದರೆ ಇದನ್ನು ಬರೀ ಸ್ಕಾಲರ್‌ಶಿಪ್ ಅಂತ ತಿಳಿಯಬೇಡಿ. ಅವಳು ಒಂದು ಕೆಲಸಕ್ಕೆ ಒಪ್ಪಿಕೊಳ್ಳುತ್ತಿದ್ದಾಳೆ. ತರಬೇತಿ ನಡುವೆ ತನ್ನಿಷ್ಟಕ್ಕೆ ಬಿಟ್ಟು ಬಂದರೆ ಆಗಿರುವ ಖರ್ಚು ಕಟ್ಟಿಕೊಡಬೇಕು ಅಂತ ತಂದೆ ತಾಯಿಯಿಂದ ಬರೆಸಿಕೊಳ್ಳುತ್ತಾರೆ. ಸಹಿ ಹಾಕುವ ಮೊದಲು ಮೂವರೂ ಕೂತು ಓದಿ.

ಎಸ್‌ಎಸ್‌ಬಿಗೆ ಮೊದಲು ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಒಮ್ಮೆ ಆರೋಗ್ಯ ತೋರಿಸಿ. ಕಣ್ಣು, ಬಣ್ಣ ಗುರುತಿಸುವುದು, ಕಿವಿ, ಹಲ್ಲು, ಪಾದ, ರಕ್ತದ ಹಿಮೋಗ್ಲೋಬಿನ್. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ, ಈಗಲೇ ಗೊತ್ತಾದರೆ ಸರಿಮಾಡಿಕೊಳ್ಳಲು ಸಮಯ ಇದೆ. ಲಕ್ಷ ಕೊಟ್ಟರೆ ಎಸ್‌ಎಸ್‌ಬಿ ಪಾಸ್ ಮಾಡಿಸುತ್ತೇವೆ ಅನ್ನುವವರು ಬಂದರೆ ಬಾಗಿಲಿಂದಲೇ ಕಳಿಸಿಬಿಡಿ.

ಮನೆಯವರು "ಹೆಣ್ಣುಮಗಳಿಗೆ ಮಿಲಿಟರಿ ಯಾಕೆ" ಅಂತ ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂತ ಬರೆದಿದ್ದೀರಿ. ಆ ತಾಯಿಗೆ ಇದನ್ನು ಓದಿ ಹೇಳಿ. 2021ರಲ್ಲಿ ಸುಪ್ರೀಂ ಕೋರ್ಟ್ ಹುಡುಗಿಯರಿಗೂ ಎನ್‌ಡಿಎ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿತು. ಮೊದಲ ತಂಡ 2022ರಲ್ಲಿ ಸೇರಿತು. 2025ರ ಮೇ ತಿಂಗಳಲ್ಲಿ 17 ಹುಡುಗಿಯರು ಹುಡುಗರ ಪಕ್ಕದಲ್ಲೇ ಹೆಜ್ಜೆ ಹಾಕಿ ಖಡಕ್‌ವಾಸ್ಲಾದಿಂದ ಹೊರಬಂದರು. ಅವರ ಮನೆಗಳಲ್ಲೂ ತಾಯಂದಿರು ಹೀಗೇ ಹೆದರಿರುತ್ತಾರೆ. ನಿಮ್ಮ ಮಗಳು ಯಾರ ಒತ್ತಾಯವೂ ಇಲ್ಲದೆ ಫಾರ್ಮ್ ತುಂಬಿ, ಪರೀಕ್ಷೆ ಬರೆದು, ಪಾಸಾಗಿದ್ದಾಳೆ. ಇಷ್ಟು ದೂರ ಒಬ್ಬಳೇ ಬಂದಿದ್ದಾಳೆ ಸರ್. ಅವಳನ್ನು ತಡೆಯಬೇಡಿ ಅಂತ ಅಕ್ಕಾವ್ರಿಗೆ ನನ್ನ ಕಡೆಯಿಂದ ಕೈಮುಗಿದು ಹೇಳಿ.

ನಿಮ್ಮ ಕೊನೆಯ ಪ್ರಶ್ನೆ, ಎನ್‌ಡಿಎಗೆ ಹೋದ ಮೇಲೆ ರಾಯಚೂರಿನ ಸೀಟು ಕಾಯ್ದಿಡುತ್ತಾರಾ ಅಂತ. ಇಲ್ಲ. ಟಿಸಿ ತೆಗೆದುಕೊಂಡ ಮೇಲೆ ಆ ಸೀಟು ನಿಮ್ಮದಲ್ಲ. ಅದಕ್ಕೇ ಅಂತಿಮ ಪಟ್ಟಿಯಲ್ಲಿ ಹೆಸರು ಬಂದು, ವೈದ್ಯಕೀಯ ತಪಾಸಣೆಯೂ ಮುಗಿದು, ಸೇರುವ ಪತ್ರ ಕೈಗೆ ಬರುವ ತನಕ ಕಾಲೇಜಿಗೆ ಹೋಗುತ್ತಲೇ ಇರಲಿ, ಇಂಟರ್ನಲ್ಸ್ ಕೂಡ ಬರೆಯಲಿ.