ಓದುಗರ ಪ್ರಶ್ನೆ: ಮಣಿಕಟ್ಟು ನೋಯದ ಕೀಬೋರ್ಡ್ ಎಷ್ಟಕ್ಕ ಬರ್ತೈತಿ?

ಪ್ರಶ್ನೆ: ಪ್ರೆಸ್ಸಿನಾಗ ಡಿಟಿಪಿ ಕೆಲಸರಿ. ದಿನಾ ಎಂಟು ತಾಸು ‘ನುಡಿ’ ಸಾಫ್ಟ್‌ವೇರಿನೊಳಗ ಕನ್ನಡ ಹೊಡೀತೀನಿ. ಸಂಜಿ ಆಗೂದ್ರಾಗ ಮಣಿಕಟ್ಟು, ಕಿರುಬೆರಳು ಸೆಳೀತಾವು. ಹುಬ್ಬಳ್ಳಿ ಅಂಗಡಿಯವ್ರು ನಡುವ ಸೀಳಿದ ಎರ್ಗೋ (ಕೈಗೆ ಹಿತ ಆಗೂವಂಥ) ಕೀಬೋರ್ಡ್ ತಗೋರಿ, ಹನ್ನೆರಡು-ಹದಿಮೂರು ಸಾವಿರ ಆಕ್ಕೈತಿ ಅಂತಾರ. ತಗೊಳ್ಳೋದೋ ಬ್ಯಾಡೋ?
– ಓದುಗರು, ಗದಗ-ಬೆಟಗೇರಿ

ಉತ್ತರ: ಈಗಲೇ ಬೇಡ. ಮೊದಲು ಟೇಪು ಹಿಡಿದು ಟೇಬಲ್ ಅಳೆಯಿರಿ. ನಮ್ಮ ಬಹುತೇಕ ಟೇಬಲ್‌ಗಳು 30 ಇಂಚು ಎತ್ತರ ಇರುತ್ತವೆ. ಪೆನ್ನು ಹಿಡಿದು ಬರೆಯಲು ಅದು ಸರಿ. ಟೈಪ್ ಮಾಡುವಾಗ ಕೀಗಳು ಮೊಣಕೈ ಮಟ್ಟದಲ್ಲಿ ಇಲ್ಲವೇ ಅದಕ್ಕಿಂತ ತುಸು ಕೆಳಗೆ ಇರಬೇಕು. ಐದೂಕಾಲು ಅಡಿ ಎತ್ತರದವರು ಪಾದ ನೆಲಕ್ಕೂರಿ ಕುಳಿತರೆ ಆ ಮಟ್ಟ ಸುಮಾರು 25-26 ಇಂಚಿಗೆ ಬರುತ್ತದೆ. ಟೇಬಲ್ಲು 30, ಕೀಬೋರ್ಡಿನ ದಪ್ಪ ಒಂದು. ಅಂದರೆ ಐದು ಇಂಚು ಹೆಚ್ಚಾಯಿತು. ಹೆಗಲು ಮೇಲೇರುತ್ತದೆ, ಮಣಿಕಟ್ಟು ಟೇಬಲ್ಲಿನ ಅಂಚಿಗೆ ಒತ್ತಿ ಹಿಂದಕ್ಕೆ ಬಾಗುತ್ತದೆ. ಹದಿಮೂರು ಸಾವಿರದ ಕೀಬೋರ್ಡನ್ನೂ ಅದೇ ಟೇಬಲ್ ಮೇಲೆ ಇಟ್ಟರೆ ನೋವು ಹಾಗೇ ಉಳಿಯುತ್ತದೆ.

ಕುರ್ಚಿಯನ್ನು ಐದು ಇಂಚು ಏರಿಸಿ, ಅಷ್ಟೇ ಎತ್ತರದ ಹಲಗೆ ಕಾಲಡಿ ಇಡಿ. ಹಲಗೆ ಬಿಟ್ಟು ಕುರ್ಚಿಯನ್ನಷ್ಟೇ ಏರಿಸಿದರೆ ತೊಡೆಯ ಅಡಿ ಒತ್ತಿ ಕಾಲು ಜೋಮು ಹಿಡಿಯುತ್ತವೆ. ಟೇಬಲ್ ಕೆಳಗೆ ಎಳೆಯುವ ಟ್ರೇ ಹಾಕಿಸುವುದಾದರೆ ಮೌಸ್ ಕೂಡ ಹಿಡಿಸುವಷ್ಟು, ಕನಿಷ್ಠ 27 ಇಂಚು ಅಗಲ ಇರಲಿ. ಕೀಬೋರ್ಡ್ ಟ್ರೇ ಮೇಲೆ, ಮೌಸ್ ಟೇಬಲ್ ಮೇಲೆ ಉಳಿದರೆ ಮಣಿಕಟ್ಟಿನ ನೋವು ಹೆಗಲಿಗೆ ಏರುತ್ತದೆ, ಅಷ್ಟೇ. ಕೀಬೋರ್ಡಿನ ಹಿಂದಿನ ಎರಡು ಪುಟ್ಟ ಕಾಲುಗಳನ್ನು ಮಡಚಿಬಿಡಿ; ಅವು ಕೀ ಕಾಣಲಿ ಅಂತ ಕೊಟ್ಟಿರುವುದು, ಕೈಗೆ ಹಿತವಾಗಲಿ ಅಂತಲ್ಲ. ಬಲಗಡೆ ಅಂಕಿಗಳ ಕೀ ಇರುವುದರಿಂದ ಅಕ್ಷರಗಳ ನಡುಭಾಗ ಕೀಬೋರ್ಡಿನ ನಡುಭಾಗವಲ್ಲ. ಜಿ ಮತ್ತು ಎಚ್ ನಡುವಿನ ಸಂದು ನಿಮ್ಮ ಹೊಕ್ಕುಳಿಗೆ ನೇರ ಬರುವಂತೆ ಸರಿಸಿ.

ಇನ್ನು ಕಿರುಬೆರಳು. ಇಂಗ್ಲಿಷ್ ಟೈಪ್ ಮಾಡುವವರಿಗಾಗಿ ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ನುಡಿ ವಿನ್ಯಾಸದಲ್ಲಿ ಮಹಾಪ್ರಾಣಕ್ಕೂ ಶಿಫ್ಟ್, ದೀರ್ಘಕ್ಕೂ ಶಿಫ್ಟ್. 'ಧಾರವಾಡ' ಹೊಡೆದು ನೋಡಿ: ಡಿ, ಎ, ಆರ್, ವಿ, ಎ, ಡಬ್ಲ್ಯು. ಆರು ಕೀಗಳಲ್ಲಿ ಮೂರಕ್ಕೆ ಶಿಫ್ಟ್. ಇಂಗ್ಲಿಷಿನಲ್ಲಿ ಶಿಫ್ಟಿಗಾಗಿ ವಾಕ್ಯಕ್ಕೊಮ್ಮೆ ದುಡಿಯುವ ಕಿರುಬೆರಳು ಕನ್ನಡದಲ್ಲಿ ಪದಪದಕ್ಕೂ ದುಡಿಯುತ್ತದೆ. ಇದರ ಮೇಲೆ ಅನೇಕರು ಎಡಗೈ ಕೀಗೂ ಎಡ ಶಿಫ್ಟನ್ನೇ ಒತ್ತುತ್ತಾರೆ. ಕಿರುಬೆರಳು ಕೆಳಗೆ, ಉಂಗುರ ಬೆರಳು 'ಎ' ಮೇಲೆ, ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳುತ್ತದೆ. ಎಡಗೈ ಕೀಗೆ ಬಲ ಶಿಫ್ಟ್, ಬಲಗೈ ಕೀಗೆ ಎಡ ಶಿಫ್ಟ್ ಅಂತ ರೂಢಿ ಮಾಡಿಕೊಳ್ಳಿ. ಬೆರಳು ತೀರಾ ಸೆಳೆಯುತ್ತಿದ್ದರೆ ವಿಂಡೋಸ್‌ನಲ್ಲಿ ಶಿಫ್ಟನ್ನು ಸತತ ಐದು ಸಲ ಒತ್ತಿ. ಸ್ಟಿಕಿ ಕೀಸ್ ಬೇಕೇ ಎಂದು ಕೇಳುತ್ತದೆ. ಹೌದು ಅಂದರೆ ಶಿಫ್ಟ್ ಹಿಡಿದಿರಬೇಕಿಲ್ಲ, ಒಮ್ಮೆ ತಟ್ಟಿ ಬಿಟ್ಟು ಅಕ್ಷರ ಒತ್ತಿದರೆ ಸಾಕು. ನಿಮ್ಮ ನುಡಿ ಆವೃತ್ತಿಯಲ್ಲಿ ಒಂದು ಪುಟ ಹೊಡೆದು ಪರೀಕ್ಷಿಸಿದ ಮೇಲೆ ರೂಢಿಗೆ ತನ್ನಿ.

ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀ ವಿನ್ಯಾಸದಲ್ಲಿ ಇದೇ 'ಧಾರವಾಡ'ಕ್ಕೆ ಶಿಫ್ಟ್ ಒಂದೇ ಸಲ, ಯಾಕೆಂದರೆ ದೀರ್ಘದ ಚಿಹ್ನೆಗೆ ಅಲ್ಲಿ ಶಿಫ್ಟ್ ಇಲ್ಲ. ಹಣ ಖರ್ಚಿಲ್ಲ. ಆದರೆ ನುಡಿಯಲ್ಲಿ ಪಳಗಿದ ಕೈ ವಾರಗಟ್ಟಲೆ ತಡವರಿಸುತ್ತದೆ. ಲಗ್ನಪತ್ರಿಕೆಯ ಸೀಸನ್‌ನಲ್ಲಿ ಈ ಸಾಹಸ ಬೇಡ.

ಇಷ್ಟು ಮಾಡಿ ಮೂರು ವಾರ ನೋಡಿ. ಆಮೇಲೂ ಟೈಪ್ ಮಾಡುವಾಗ ಅಂಗೈ ಕಿರುಬೆರಳಿನ ಕಡೆಗೆ ಓರೆಯಾಗಿ ಬಾಗಿ ನೋಯುತ್ತಿದ್ದರೆ, ಸೀಳಿದ ಕೀಬೋರ್ಡ್ ಸರಿಪಡಿಸುವುದು ಆ ಓರೆಯನ್ನೇ. ಹೆಗಲು ಅಗಲ ಇದ್ದವರಿಗೆ ಲಾಭ ಹೆಚ್ಚು. ಅಂಗಡಿಯವರು ಹೇಳಿದ ಬೆಲೆಗೆ ಸಿಗುವುದು ಬಹುಶಃ ಲಾಜಿಟೆಕ್ ಎರ್ಗೋ ಕೆ860. ಮುಂಬದಿಯ ಕಾಲು ತೆರೆದರೆ ಅದು ಹಿಂದಕ್ಕೆ 4 ಅಥವಾ 7 ಡಿಗ್ರಿ ಇಳಿಜಾರಾಗುತ್ತದೆ, ಮಣಿಕಟ್ಟು ನೇರ ನಿಲ್ಲುತ್ತದೆ. ಈ ಒಂದು ಗುಣಕ್ಕೆ ದುಡ್ಡು ಕೊಡಬಹುದು. ಆದರೆ ಸುಮಾರು 46 ಸೆಂ.ಮೀ. ಅಗಲ, 23 ಸೆಂ.ಮೀ. ಆಳ ಇದೆ, ಹಳೆಯ ಟ್ರೇಗಳಲ್ಲಿ ಕೂರುವುದಿಲ್ಲ. ಶಿಫ್ಟ್ ಅದರಲ್ಲೂ ಕಿರುಬೆರಳಿಗೇ. ಅದರ ಅರ್ಧ ಬೆಲೆಯ ಆಸುಪಾಸಿನಲ್ಲಿ ಸಿಗುವ ಲಾಜಿಟೆಕ್‌ನದೇ ವೇವ್ ಕೀಸ್ ಕೀಬೋರ್ಡಿಗೆ ನಡುವೆ ಸೀಳಿಲ್ಲ, ಅಲೆಯಂತೆ ಉಬ್ಬಿದೆ ಅಷ್ಟೇ. ಅಂಗೈಗೆ ಮೆತ್ತಗೆ, ಓರೆಗೆ ಅರೆಬರೆ ಪರಿಹಾರ.

ಪ್ರಶ್ನೆ: ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೋಮವಾರ, ಗುರುವಾರ ಟೆಂಡರ್ ಇದ್ದ ದಿನ ರಾತ್ರಿವರೆಗೆ ಟ್ಯಾಲಿಯಲ್ಲಿ ಅಂಕಿ ಹೊಡೆಯುವುದೇ ಕೆಲಸ. ಬಲ ಹೆಗಲು ಹಿಡಿಯುತ್ತದೆ. ಧೂಳಿಗೆ ಆರು ತಿಂಗಳಿಗೊಂದು ಕೀಬೋರ್ಡ್ ಕೆಡುತ್ತದೆ. ಎರ್ಗೋ ಬೇಕೇ?
– ಓದುಗರು, ಬ್ಯಾಡಗಿ

ಉತ್ತರ: ನಿಮಗೆ ಸೀಳಿದ್ದು ಬೇಡ. ಅವುಗಳಲ್ಲಿ ಅನೇಕಕ್ಕೆ ಅಂಕಿಗಳ ಕೀ ಇರುವುದೇ ಇಲ್ಲ. ನಿಮ್ಮ ತೊಂದರೆ ಬೇರೆ: ಅಂಕಿ ಕೀಗಳು ಬಲಕ್ಕೆ, ಅದರಾಚೆ ಮೌಸ್, ಬಲಗೈ ದಿನವಿಡೀ ಮೈಯಿಂದ ದೂರ ಚಾಚಿರುತ್ತದೆ. ಅಂಕಿಭಾಗ ಇಲ್ಲದ ಚಿಕ್ಕ ಕೀಬೋರ್ಡ್ ಜತೆಗೆ ಬಿಡಿ ನಂಬರ್ ಪ್ಯಾಡ್ ತಗೊಳ್ಳಿ. ಎರಡೂ ಸೇರಿ ಎರಡು ಸಾವಿರದೊಳಗೆ ಆಗುತ್ತದೆ. ಪಟ್ಟಿ ಮಾಡುವಾಗ ಪ್ಯಾಡನ್ನು ಬಲ ಹೆಗಲಿಗೆ ನೇರವಾಗಿ ಎಳೆದುಕೊಳ್ಳಿ, ಮೌಸ್ ಬೇಕಾದಾಗ ಪ್ಯಾಡ್ ಸರಿಸಿ. ಎಡಗೈಯಲ್ಲಿ ಅಂಕಿ ಹೊಡೆಯಲು ಕಲಿತರೆ ಬಲಗೈ ಪೂರಾ ಮೌಸಿಗೆ ಸಿಗುತ್ತದೆ.

ಧೂಳಿನ ಮಾತು: ರಬ್ಬರ್ ಬುಗ್ಗೆಯ ಸಾದಾ ಕೀಬೋರ್ಡಿನಲ್ಲಿ ಒಂದರ ಮೇಲೊಂದು ಮೂರು ಪ್ಲಾಸ್ಟಿಕ್ ಹಾಳೆ ಇರುತ್ತವೆ. ಹಾಳೆಗಳ ನಡುವೆ ಜಿಗುಟು ಸೇರಿದರೆ ಕೀ ಕೈಕೊಡುತ್ತದೆ. ಹಿಂದಿನ ಸ್ಕ್ರೂ ಬಿಚ್ಚಿ ಒರೆಸಬಹುದು, ಆದರೆ 500 ರೂಪಾಯಿಯದಕ್ಕೆ ಒಂದು ತಾಸು ಕೂತು ಮಾಡುವ ಕೆಲಸವಲ್ಲ. ವಾರಕ್ಕೊಮ್ಮೆ ಬೋರಲು ಹಾಕಿ ತಟ್ಟಿ, ಬ್ರಶ್ ಆಡಿಸಿ, ರಾತ್ರಿ ಒಣಬಟ್ಟೆ ಮುಚ್ಚಿ. ಮೇಲೆ ಹೊದಿಸುವ ಸಿಲಿಕಾನ್ ಹಾಳೆ ಹಾಕಬೇಡಿ. ಕೀ ತಿಳಿಯದೆ ಬೆರಳು ಇನ್ನೂ ಜೋರಾಗಿ ಕುಟ್ಟುತ್ತದೆ. ಮೆಣಸಿನ ಧೂಳನ್ನು ಬಾಯಿಂದ ಊದಬೇಡಿ ಅಂತ ಬ್ಯಾಡಗಿಯವರಿಗೆ ಹೇಳಬೇಕಿಲ್ಲ.

ಪ್ರಶ್ನೆ: ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಟಿವಿಎಸ್ ಗೋಲ್ಡ್ ಕೀಬೋರ್ಡ್ ಇದೆ. ಗಟ್ಟಿ, ಆದರೆ ಬೆರಳು ದಣಿಯುತ್ತವೆ, ಸದ್ದಿಗೆ ಸಾಹೇಬರ ಬೈಗುಳ. ಒಂದೊಂದು ಸಲ ಒಂದು ಅಕ್ಷರ ಎರಡಾಗಿ ಬೀಳುತ್ತದೆ.
– ಓದುಗರು, ಧಾರವಾಡ

ಉತ್ತರ: ಆ ಕೀಬೋರ್ಡ್ ಹೆಸರಾಗಿರುವುದು ಪ್ರತಿ ಕೀ ಕೆಳಗಿನ ಚೆರಿ ಕಂಪನಿಯ ನೀಲಿ ಸ್ವಿಚ್ಚಿಗೆ; ಅದನ್ನು ಒತ್ತಲು ಸುಮಾರು 60 ಗ್ರಾಂ ಬಲ ಬೇಕು, ಕೆಂಪು ಸ್ವಿಚ್ಚಿಗೆ 45. ಸದ್ದು ಸ್ವಿಚ್ಚಿನ ಒಳಗಿನದು, ಕೀ ಕೆಳಗೆ ರಬ್ಬರ್ ಉಂಗುರ ಹಾಕಿದರೆ ತಳಕ್ಕೆ ಬಡಿಯುವ ಸದ್ದಷ್ಟೇ ತಗ್ಗುತ್ತದೆ, ಟಕ್ ಉಳಿಯುತ್ತದೆ. ಕೀ 4 ಮಿ.ಮೀ. ಇಳಿದರೂ ಅಕ್ಷರ 2.2 ಮಿ.ಮೀ.ಗೇ ದಾಖಲಾಗುತ್ತದೆ. ಹಳೆಯ ಟೈಪ್‌ರೈಟರ್ ಕೈ ತಳದವರೆಗೂ ಕುಟ್ಟುತ್ತದೆ, ದಣಿವು ಅಲ್ಲಿಂದಲೂ. ಕೀಬೋರ್ಡ್ ಎತ್ತರವಾದ್ದರಿಂದ ಬಡಿಗೇರರ ಕಡೆ 2 ಸೆಂ.ಮೀ. ದಪ್ಪ, 8 ಸೆಂ.ಮೀ. ಅಗಲದ ಸಾಗವಾನಿ ಪಟ್ಟಿ ಮಾಡಿಸಿ, ಅಂಚು ಉಜ್ಜಿಸಿ ಮುಂದೆ ಇಡಿ. ಅಂಗೈಯ ಬುಡ ಅದರ ಮೇಲೆ, ಅದೂ ಡಿಕ್ಟೇಶನ್ ನಿಂತಾಗ ಮಾತ್ರ. ಹೊಡೆಯುವಾಗ ಕೈ ತೇಲುತ್ತಿರಲಿ.

ಎರಡೆರಡು ಅಕ್ಷರ ಬೀಳಲು ಕಾರಣ ಸ್ವಿಚ್ಚಿನ ಒಳಗಿನ ತಗಡಿನ ಮೇಲಿನ ಧೂಳು, ಕಿಲುಬು. ವೈರ್ ಕಿತ್ತು, ಆ ಕೀಯ ಟೊಪ್ಪಿಗೆ ತೆಗೆದು, 99 ಪ್ರತಿಶತದ ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಟ್ಟು, ಐವತ್ತು ಸಲ ಒತ್ತಿ, ಒಂದು ತಾಸು ಒಣಗಿಸಿ. ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಹಾಕಿದರೆ ಧೂಳು ಮತ್ತಷ್ಟು ಅಂಟುತ್ತದೆ. ಅದಕ್ಕೂ ಬಗ್ಗದಿದ್ದರೆ ಬೆಸುಗೆ ಬಿಡಿಸಿ ಬೇರೆ ಸ್ವಿಚ್ಚು ಹಾಕಿಸಬೇಕು.

ಪ್ರಶ್ನೆ: ಇಂಜಿನಿಯರಿಂಗ್ ವಿದ್ಯಾರ್ಥಿ. ಎರಡು ತುಂಡಿನ ಕೀಬೋರ್ಡ್ ನಾನೇ ಬೆಸುಗೆ ಹಾಕಿ ಮಾಡಿದರೆ ಅಗ್ಗವೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೂನ್‌ಲ್ಯಾಂಡರ್, ಕೈನೆಸಿಸ್‌ನಂಥ ವಿದೇಶಿ ಸೀಳು ಕೀಬೋರ್ಡ್‌ಗಳ ಮುಂದೆ ಅಗ್ಗ. ಅವುಗಳಿಗೆ ಕಸ್ಟಮ್ಸ್ ಸುಂಕ, ಕೊರಿಯರ್ ಶುಲ್ಕ ಬೇರೆ. ಸಾದಾ ಕೀಬೋರ್ಡಿನ ಮುಂದೆ ದುಬಾರಿಯೇ. ಲಿಲಿ58 ಅನ್ನುವ ಎರಡು ತುಂಡಿನ ಕೀಬೋರ್ಡಿನ ವಿನ್ಯಾಸ ಎಲ್ಲರಿಗೂ ಮುಕ್ತ. ಅದಕ್ಕೆ ಬೇಕಾದದ್ದು: 58 ಸ್ವಿಚ್ಚು, 58 ಟೊಪ್ಪಿಗೆ, 58 ಡಯೋಡು (1ಎನ್4148), ಎರಡು ಪ್ರೊ ಮೈಕ್ರೊ ಕಂಟ್ರೋಲರ್, ಎರಡು ಬೋರ್ಡು, ನಡುವೆ ಟಿಆರ್‌ಆರ್‌ಎಸ್ ವೈರು. ಎಂಟು ಸಾವಿರದ ಆಸುಪಾಸು ಹಿಡಿಯಿರಿ. ಬೋರ್ಡು ಮಾಡಿಕೊಡುವವರು ಸಾಮಾನ್ಯವಾಗಿ ಐದಕ್ಕಿಂತ ಕಡಿಮೆ ಕೊಡುವುದಿಲ್ಲ, ಗೆಳೆಯರೊಂದಿಗೆ ಹಂಚಿಕೊಳ್ಳಿ.

ಕೆಡುವುದು ಮೂರು ಕಡೆ. ಡಯೋಡಿನ ಕಪ್ಪು ಗೆರೆ ತಿರುಗುಮುರುಗಾದರೆ ಆ ಕೀ ಸತ್ತಂತೆ. ಕರೆಂಟ್ ಇರುವಾಗ ನಡುವಿನ ವೈರ್ ಕಿತ್ತರೆ ಶಾರ್ಟ್ ಆಗಿ ಕಂಟ್ರೋಲರ್ ಸುಡಬಹುದು. ಪ್ರೊ ಮೈಕ್ರೊದ ಮೈಕ್ರೊ ಯುಎಸ್‌ಬಿ ಬಾಯಿ ಸಣ್ಣ ಎಳೆತಕ್ಕೇ ಕಿತ್ತು ಬರುತ್ತದೆ, ಸುತ್ತ ಎಪಾಕ್ಸಿ ಹಾಕಿ ಇಲ್ಲವೇ ಟೈಪ್-ಸಿ ಇರುವುದನ್ನೇ ತಗೊಳ್ಳಿ.

ಫಲ ಸಿಗುವುದು ಕ್ಯುಎಂಕೆಯಲ್ಲಿ, ಅಂದರೆ ಯಾವ ಕೀ ಏನು ಮಾಡಬೇಕೆಂದು ನಿರ್ಧರಿಸುವ, ಕಂಟ್ರೋಲರ್ ಒಳಗಿನ ಫರ್ಮ್‌ವೇರ್‌ನಲ್ಲಿ. ಹೆಬ್ಬೆರಳಿನ ಕೀಗೆ ಒನ್-ಶಾಟ್ ಶಿಫ್ಟ್ ಕೊಡಿ: ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅನ್ವಯ. ಬೆಟಗೇರಿಯವರ ಕಿರುಬೆರಳಿನ ಭಾರ ಬಲವಾದ ಹೆಬ್ಬೆರಳಿಗೆ ಹೋಗುತ್ತದೆ. ಮೊದಲ ಹದಿನೈದು ದಿನ ನಿಧಾನ. ಪರೀಕ್ಷೆ, ಪ್ರಾಜೆಕ್ಟ್ ಮುಗಿದ ಮೇಲೆ ಶುರುಮಾಡಿ.

ಪ್ರಶ್ನೆ: ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದು ಎಚ್ಚರ ಆಗ್ತೈತ್ರಿ. ಯಾವ ಕೀಬೋರ್ಡ್ ತಗೊಳ್ಳಲಿ?
– ಓದುಗರು, ಹಾವೇರಿ

ಉತ್ತರ: ಯಾವುದೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ. ಈ ಮೂರು ಬೆರಳು ರಾತ್ರಿ ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿರುವ ಸಾಧ್ಯತೆ ಇದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಲ್ಲಿ ಇದು ಹೆಚ್ಚು. ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಮೊಣಕೈ ಟೇಬಲ್ ಅಂಚಿಗೆ ಒತ್ತುತ್ತಿದೆಯೇ ನೋಡಬೇಕಿತ್ತು. ನಿಮ್ಮದು ಅದಲ್ಲ. ಕೈಯಿಂದ ಲೋಟ ಜಾರುವುದು, ಗುಂಡಿ ಹಾಕಿಕೊಳ್ಳಲು ಕಷ್ಟವಾಗುವುದು ಶುರುವಾಗಿದ್ದರೆ ಇದೇ ವಾರ ಹೋಗಿ.