ಬಿಗ್ ಕಂಟ್ರಿ ಅನ್ನೋ ರಾಕ್ ಬ್ಯಾಂಡಿನ 'ದಿ ಕ್ರಾಸಿಂಗ್' ಆಲ್ಬಮ್‌ನಲ್ಲಿ ಕೇಳಿಸೋದು ನಿಜವಾದ ಬ್ಯಾಗ್‌ಪೈಪಾ?

ಅಲ್ಲ, ಅದು ಗಿಟಾರ್. ಆದರೆ ಹಾಗನ್ನಿಸೋದು ಸಹಜ, ತುಂಬಾ ಜನ ಇದನ್ನೇ ಕೇಳುತ್ತಾರೆ.

1983ರಲ್ಲಿ ಬಂದ ಇದು ಸ್ಕಾಟ್ಲೆಂಡಿನ ಡನ್‌ಫರ್ಮ್ಲಿನ್ ಊರಲ್ಲಿ ಹುಟ್ಟಿದ ಬ್ಯಾಂಡಿನ ಮೊದಲ ಆಲ್ಬಮ್. ನಿರ್ಮಾಪಕ ಸ್ಟೀವ್ ಲಿಲ್ಲಿವೈಟ್. ಬ್ರಿಟನ್ ಪಟ್ಟಿಯಲ್ಲಿ 3ನೇ ಸ್ಥಾನದವರೆಗೂ ಹೋಯಿತು.

ಬ್ಯಾಗ್‌ಪೈಪ್ ಅಂದರೆ ಚೀಲಕ್ಕೆ ಗಾಳಿ ತುಂಬಿ ಕೊಳವೆಗಳಿಂದ ನುಡಿಸುವ ವಾದ್ಯ, ಸ್ಕಾಟ್ಲೆಂಡಿನಲ್ಲಿ ಹೆಸರುವಾಸಿ. ಅದರಲ್ಲಿ ಚೀಲದ ಗಾಳಿ ನಿಲ್ಲೋದಿಲ್ಲ, ಹಾಗಾಗಿ ಸ್ವರವೂ ಕಡಿಯೋದಿಲ್ಲ. ಜೊತೆಗೆ ನಮ್ಮ ತಂಬೂರಿಯ ಹಾಗೆ ಒಂದು ಶ್ರುತಿ ಕೆಳಗೆ ಮೊಳಗುತ್ತಲೇ ಇರುತ್ತದೆ. ಗಿಟಾರ್ ತಂತಿ ಹಾಗಲ್ಲ, ಮೀಟಿದ ಕೂಡಲೇ ಸದ್ದು ಇಳಿಯತೊಡಗುತ್ತದೆ. ಬ್ಯಾಂಡಿನ ಗಿಟಾರ್ ವಾದಕರಾದ ಸ್ಟುವರ್ಟ್ ಆಡಮ್‌ಸನ್ ಮತ್ತು ಬ್ರೂಸ್ ವಾಟ್ಸನ್ ಇದಕ್ಕೆ ಎರಡು ಉಪಾಯ ಮಾಡಿದರು. ಒಂದು ಇ-ಬೋ. ಅಂಗೈಯಲ್ಲಿ ಹಿಡಿಸುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಸಾಧನ. ಮೀಟದೆಯೇ, ಬರೀ ಅಯಸ್ಕಾಂತದ ಬಲದಿಂದ ತಂತಿ ಕಂಪಿಸುತ್ತಲೇ ಇರುವಂತೆ ಮಾಡುತ್ತದೆ. ಇನ್ನೊಂದು ಎಂಎಕ್ಸ್ಆರ್ ಕಂಪನಿಯ ಪಿಚ್ ಟ್ರಾನ್ಸ್‌ಪೋಸರ್. ನುಡಿಸಿದ ಸ್ವರಕ್ಕೇ ಬೇರೆ ಎತ್ತರದ ಇನ್ನೊಂದು ಸ್ವರ ಬೆರೆಸುತ್ತದೆ.

ಆದರೆ ಸುಮ್ನೆ ಯಂತ್ರ ಇಟ್ಟುಕೊಂಡರೆ ಆಗೋದಿಲ್ಲ ಅಲ್ವಾ? ನನ್ನ ಪ್ರಕಾರ ಅಸಲಿ ಗುಟ್ಟು ಮಟ್ಟುಗಳಲ್ಲೇ ಇದೆ. ಆಗಿನ ರಾಕ್‌ನಲ್ಲಿ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತದ ಛಾಯೆ ಜಾಸ್ತಿ. ಇವರು ಸ್ಕಾಟಿಷ್ ಜನಪದ ಹಾಡುಗಳ ದಾರಿ ಹಿಡಿದರು. ಎರಡು ಗಿಟಾರ್ ಒಂದಕ್ಕೊಂದು ಹೆಣೆದುಕೊಂಡು ಹಾಡುತ್ತವೆ.

'ಇನ್ ಎ ಬಿಗ್ ಕಂಟ್ರಿ' ಹಾಡಿನ ಶುರುವಿನಲ್ಲಿ ಡ್ರಮ್ಸ್ ಆದ ಮೇಲೆ ಬರುವ ಗಿಟಾರ್ ಕೇಳಿ. ಆಮೇಲೆ 'ಫೀಲ್ಡ್ಸ್ ಆಫ್ ಫೈರ್' ಹಾಕಿ. ಅದರಲ್ಲಿ ಮಾರ್ಕ್ ಬ್ರೆಜಿಕಿ ಅವರ ಡ್ರಮ್ಸ್‌ಗೂ ಕವಾಯತಿನ ನಡೆ ಇದೆ. ಹೆಡ್‌ಫೋನಿನಲ್ಲಿ ಕೇಳಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.