ಗ್ರೈಂಡರ್ ಮುಟ್ಟಿದರೆ ಜುಮ್ ಅನ್ನುತ್ತೆ, ವೈರಿಂಗ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಹಳೇ ಹೆಂಚಿನ ಮನೆ. ಮಾವನವರು 1982ರಲ್ಲಿ ಕರೆಂಟ್ ಹಾಕಿಸಿದ್ದು. ಗೋಡೆ ಮೇಲೆ ಮರದ ಪಟ್ಟಿ, ಅದರ ಮೇಲೆ ವೈರು, ಕಪ್ಪು ಸ್ವಿಚ್ಚುಗಳು. ಈಚೆಗೆ ಗ್ರೈಂಡರ್ ಮುಟ್ಟಿದರೆ ಜುಮ್ ಅನ್ನುತ್ತೆ. ಇಂಡಕ್ಷನ್ ಒಲೆ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ದಪ್ಪ ತಂತಿ ಕಟ್ಟಿ, ಇನ್ನು ತೊಂದರೆ ಇಲ್ಲ ಅಂದರು. ಪಂಪ್ ಶುರುವಾದಾಗ ದೀಪ ಮಂಕಾಗುತ್ತೆ. ಪೂರ್ತಿ ಬದಲಿಸಬೇಕಾ ಸಾರ್?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ಗ್ರೈಂಡರ್ ಮತ್ತು ಇಂಡಕ್ಷನ್ ಒಲೆ ಎರಡನ್ನೂ ಇವತ್ತೇ ನಿಲ್ಲಿಸಿ. ಉಳಿದದ್ದು ಆಮೇಲೆ.

ಆ ದಪ್ಪ ತಂತಿಯ ವಿಷಯ ಓದಿ ನನಗೆ ನಿಜಕ್ಕೂ ಭಯವಾಯಿತು. ಇಂಡಕ್ಷನ್ ಒಲೆ 2000 ವ್ಯಾಟಿನದಾದರೆ ಸುಮಾರು 9 ಆಂಪಿಯರ್ ಎಳೆಯುತ್ತೆ. ನಿಮ್ಮ ಮಾವನವರು ವೈರು ಎಳೆಸಿದ್ದು ನಾಲ್ಕು ಬಲ್ಬು, ಒಂದು ರೇಡಿಯೋಗೆ. ಫ್ಯೂಸ್ ಹೋಗುತ್ತಿತ್ತು ಅಂದರೆ ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು ಅಂತ ಅರ್ಥ. ಈಗ ಫ್ಯೂಸ್ ಹೋಗಲ್ಲ, ಪಟ್ಟಿ ಮೇಲಿನ ವೈರೇ ಬಿಸಿಯಾಗುತ್ತೆ. ಅದರ ಕೆಳಗಿರುವುದು ಒಣ ಮರ. ಕೊಪ್ಪದ ಕಡೆ ಒಂದು ಮನೆಯಲ್ಲಿ ಪಿಂಗಾಣಿ ಫ್ಯೂಸಿಗೆ ತಾಮ್ರದ ತಂತಿಯನ್ನು ಮೂರು ಎಳೆ ಹೊಸೆದು ಕಟ್ಟಿದ್ದರು. ಮೇಲೆ ಪಟ್ಟಿ ಉದ್ದಕ್ಕೂ ಕಪ್ಪಾಗಿತ್ತು.

ಜುಮ್ ಅನ್ನುವುದಕ್ಕೆ ಎರಡು ದೋಷ ಸೇರಿರಬೇಕು. ಗ್ರೈಂಡರಿನೊಳಗೆ ಕರೆಂಟ್ ಸೋರುತ್ತಿದೆ, ಅದನ್ನು ಭೂಮಿಗೆ ಒಯ್ಯುವ ಅರ್ಥಿಂಗ್ ಇಲ್ಲ. ಹಳೇ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತೆ, ಮೂರನೆಯದಕ್ಕೆ ವೈರೇ ಇರಲ್ಲ. ಇದ್ದರೂ ಹೊರಗೆ ಮಣ್ಣಿನಲ್ಲಿ ತುಕ್ಕು ಹಿಡಿದು ತುಂಡಾಗಿರುತ್ತೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಇದು ಬರೀ ಜುಮ್ಮಿಗೆ ಮುಗಿಯಲ್ಲ.

ಪಂಪ್ ಶುರುವಾದ ಕ್ಷಣ ದೀಪ ಒಂದು ಸಲ ಮಂಕಾದರೆ ಗಾಬರಿ ಬೇಡ. ಮೋಟಾರ್ ಶುರುವಿಗೆ ಕರೆಂಟ್ ಜಾಸ್ತಿ ಎಳೆಯುತ್ತೆ. ಪಂಪ್ ಓಡುವಷ್ಟು ಹೊತ್ತೂ ಮಂಕಾಗಿದ್ದರೆ ಪಕ್ಕದ ಮನೆಯಲ್ಲೂ ಹಾಗೇನಾ ಕೇಳಿ. ಅಲ್ಲಿ ಸರಿಯಿದ್ದರೆ ನಿಮ್ಮಲ್ಲೇ ಎಲ್ಲೋ ಜಾಯಿಂಟ್ ಸಡಿಲವಾಗಿರಬಹುದು.

ಇನ್ನು ಬದಲಿಸಬೇಕಾ ಅನ್ನುವುದು. ಲೈಸೆನ್ಸ್ ಇರುವವರನ್ನೇ ಕರೆಸಿ, ಮೆಯಿನ್ ಆಫ್ ಮಾಡಿಸಿ, ಅಡುಗೆಮನೆಯ ಒಂದು ಬೋರ್ಡ್ ಬಿಚ್ಚಿಸಿ. ನೀವೂ ಪಕ್ಕದಲ್ಲಿ ನಿಂತು ನೋಡಿ. ಸ್ವಿಚ್ಚಿಗೆ ಸೇರುವ ಕಡೇ ಎರಡು ಇಂಚು ವೈರು ಎಲ್ಲವನ್ನೂ ಹೇಳುತ್ತೆ. ಅವರು ಬಗ್ಗಿಸಿದಾಗ ಮೇಲಿನ ಹೊದಿಕೆ ಹಪ್ಪಳದ ಹಾಗೆ ಮುರಿದು ಉದುರಿತೋ, ಮುಗೀತು, ಬದಲಿಸಲೇಬೇಕು. ಸ್ಕ್ರೂ ಸುತ್ತ ಕಂದು ಸುಟ್ಟ ಗುರುತು, ಕಮರು ವಾಸನೆ, ಮುಟ್ಟಿದರೆ ಬೆಚ್ಚಗಿರುವ ಸ್ವಿಚ್ಚು, ಇವೂ ಕೆಟ್ಟ ಲಕ್ಷಣಗಳೇ. ಒಳಗಿನ ತಂತಿ ಬೆಳ್ಳಗಿದ್ದರೆ ಅದು ಅಲ್ಯೂಮಿನಿಯಂ ಇರಬಹುದು. ಆ ಕಾಲದಲ್ಲಿ ಅದೇ ತುಂಬಾ ಬಳಕೆಯಲ್ಲಿತ್ತು. ಅದಕ್ಕೆ ಹೊಸ ತಾಮ್ರದ ವೈರನ್ನು ಸುಮ್ನೆ ಹೊಸೆದು ಜೋಡಿಸಲು ಬಿಡಬೇಡಿ, ಜಾಯಿಂಟ್ ಕಾದು ಸುಡುತ್ತೆ.

ಕಣ್ಣಿಗೆ ಚೆನ್ನಾಗಿ ಕಂಡರೂ ಮೆಗ್ಗರ್ (ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತೆ ಅಂತ ಅಳೆಯುವ ಮೀಟರ್) ಹಿಡಿದು ನೋಡಿಸಿ. 500 ವೋಲ್ಟ್‌ನಲ್ಲಿ 1 ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಆ ಲೈನ್ ನಂಬಬೇಡಿ. ಇದನ್ನು ಮಳೆಗಾಲದಲ್ಲೇ ಮಾಡಿಸಿ. ಬೇಸಿಗೆಯಲ್ಲಿ ಗೋಡೆ ಒಣಗಿರುತ್ತೆ, ದೋಷ ಅಡಗಿಕೊಳ್ಳುತ್ತೆ. ಹೆಂಚು ಸೋರಿ ಅಟ್ಟ ಒದ್ದೆಯಾದಾಗ ಬರುವ ಲೆಕ್ಕವೇ ನಿಮ್ಮ ಮನೆಯ ನಿಜವಾದ ಲೆಕ್ಕ.

ನನ್ನ ಅಂದಾಜು, ನಿಮ್ಮದು ಪೂರ್ತಿ ಬದಲಿಸುವ ಮನೆಯೇ. ದುಡ್ಡು ಒಟ್ಟಿಗೆ ಹೊಂದದಿದ್ದರೆ ಮೊದಲು ಅರ್ಥಿಂಗ್, ಎಂಸಿಬಿ (ಫ್ಯೂಸಿನ ಬದಲು ಹಾಕುವ, ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್ಚು), 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು). ಆಮೇಲೆ ಅಡುಗೆಮನೆ, ಬಚ್ಚಲು. ಮಲಗುವ ಕೋಣೆಗಳು ಮುಂದಿನ ವರ್ಷವಾದರೂ ಆದೀತು. ಪವರ್ ಪ್ಲಗ್ಗಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಗೀಸರ್‌ಗೆ 4ರದು, ಬೇರೆಯೇ ಲೈನು. ಆರ್‌ಸಿಸಿಬಿ ಪದೇ ಪದೇ ಬಿದ್ದರೆ ಅದನ್ನು ತೆಗೆದುಹಾಕೋಣ ಅನ್ನುವವರ ಮಾತು ಕೇಳಬೇಡಿ. ಸೋರಿಕೆ ಹುಡುಕಿಸಿ. ಮಣ್ಣಿನ ಗೋಡೆಯಾದರೆ ಕೊರೆಸಬೇಡಿ, ಹೊರಗಡೆಯೇ ಪಿವಿಸಿ ಪಟ್ಟಿ ಸಾಕು. ಲೋಡ್ ಜಾಸ್ತಿಯಾಗುವುದರಿಂದ ಮೆಸ್ಕಾಂಗೂ ಅರ್ಜಿ ಕೊಡಿ.

ಹಳೇ ವೈರನ್ನು ಅಟ್ಟದಲ್ಲಿ ಹಾಗೇ ಬಿಟ್ಟುಹೋಗಲು ಒಪ್ಪಬೇಡಿ. ಅದರಲ್ಲಿ ಎಲ್ಲೋ ಒಂದು ತುದಿ ಇನ್ನೂ ಲೈನಿನಲ್ಲೇ ಇರಬಹುದು. ಕೆಲಸ ಮುಗಿಯುವ ದಿನ ಎಲ್ಲವನ್ನೂ ಕಿತ್ತು ಅಂಗಳಕ್ಕೆ ಹಾಕಿಸಿಕೊಂಡೇ ಲೆಕ್ಕ ಚುಕ್ತಾ ಮಾಡಿ.